ಐ-೩೫ರಲ್ಲಿ ಲಾವಾ ಗುಹೆ, ಆಮೇಲೆ ತಿಮಿಂಗಿಲ

೧.

"ತಲೆ ಬಗ್ಗಿಸೇ!" ಎಂದು ಹರ್ಷಿಣಿ ಕೂಗುವಷ್ಟರಲ್ಲಿ ಅನಘಾಳ ಹೆಲ್ಮೆಟ್ಟು ಲಾವಾ ಗುಹೆಯ ಮಾಡಿಗೆ ಟಣ್ಣೆಂದು ಬಡಿಯಿತು. ಯಾವುದೋ ಕಾಲದಲ್ಲಿ ಕೆಂಡದ ಹೊಳೆ ಹರಿದುಹೋಗಿ ಹಿಂದೆ ಬಿಟ್ಟ ಟೊಳ್ಳು ಅದು. ಗೋಡೆ ಒಂದು ಕಡೆ ಕಪ್ಪು, ಒಂದು ಕಡೆ ಇಟ್ಟಿಗೆ ಕೆಂಪು. ತಾಯಿ ಮಗಳ ಉಸಿರು ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಹೊಗೆಯ ಹಾಗೆ

[ನಿಲ್ಲಿಸಬೇಕಾಯಿತು. ತಪ್ಪು ನನ್ನದಲ್ಲ, ಟೆಕ್ಸಾಸಿನ ಡಿಎಫ್‌ಡಬ್ಲ್ಯು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಹೆಂಗಸಿನದು. ಅವಳು ಹರ್ಷಿಣಿಯ ಪಾಸ್‌ಪೋರ್ಟನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತಿರುವಿ, "ಶೆಂಗೆನ್ ವೀಸಾ ಎಲ್ಲಿದೆ ಮ್ಯಾಮ್?" ಎಂದು ಕೇಳಿಬಿಟ್ಟಳು. ಅದಿಲ್ಲದೆ ಐಸ್‌ಲ್ಯಾಂಡಿಗೆ ಕಾಲಿಡುವಂತಿಲ್ಲ. ಹರ್ಷಿಣಿಯ ಹತ್ತಿರ ಅದಿಲ್ಲ. ಆದ್ದರಿಂದ ಮೇಲಿನ ಪ್ಯಾರಾ ನಡೆಯಲೇ ಇಲ್ಲ. ಹೆಲ್ಮೆಟ್ಟಿನ ಟಣ್ ಶಬ್ದ ನನಗೆ ಬಹಳ ಇಷ್ಟವಾಗಿತ್ತು. ಈಗ ಕತೆ ಎಲ್ಲಿಂದ ಶುರು ಮಾಡಲಿ? ಕೌಂಟರಿನಿಂದಲೇ ಮಾಡುತ್ತೇನೆ, ಬೇರೆ ದಾರಿ ಕಾಣುತ್ತಿಲ್ಲ.]

೨.

"ಗ್ರೀನ್ ಕಾರ್ಡ್ ಇದೆಯಲ್ಲ," ಎಂದಳು ಹರ್ಷಿಣಿ, ಪರ್ಸಿನಿಂದ ಅದನ್ನು ತೆಗೆದು ಹರಿವಾಣದ ಮೇಲೆ ಇಡುವ ಹಾಗೆ ಕೌಂಟರಿನ ಮೇಲಿಟ್ಟು. "ಕೆನಡಾದವರು ಹಾಗೇ ಬಿಟ್ಟರು. ಮೆಕ್ಸಿಕೋದವರೂ ಬಿಟ್ಟರು."

"ಐಸ್‌ಲ್ಯಾಂಡಿನವರು ಬಿಡಲ್ಲ ಮ್ಯಾಮ್. ನಿಮ್ಮ ಮಗಳು ಹೋಗಬಹುದು. ಅವರದು ಅಮೆರಿಕದ ಪಾಸ್‌ಪೋರ್ಟು."

ಇಂಥ ತಪ್ಪು ಯಾರಾದರೂ ಮಾಡುತ್ತಾರಾ ಎಂದು ನೀವು ಕೇಳಬಹುದು. ಹದಿಮೂರು ವರ್ಷ ಕ್ಯೂನಲ್ಲಿ ನಿಂತು ಒಂದು ಕಾರ್ಡು ಪಡೆದವರು ಮಾಡುತ್ತಾರೆ. ಆ ಹದಿಮೂರು ವರ್ಷ ಹರ್ಷಿಣಿ, ಅವಳ ಗಂಡ ಅನಿರುದ್ಧ ಇಬ್ಬರೂ ದೇಶದ ಗಡಿಯನ್ನು ಬಿಸಿ ತವೆಯ ಅಂಚಿನ ಹಾಗೆ ನೋಡಿದವರು. ಹೊರಗೆ ಹೋದರೆ ವಾಪಸ್ ಬರಲು ಪಾಸ್‌ಪೋರ್ಟಿಗೆ ಹೊಸದಾಗಿ ವೀಸಾ ಸ್ಟ್ಯಾಂಪಿಂಗ್ ಆಗಬೇಕು, ಸ್ಟ್ಯಾಂಪಿಂಗಿಗೆಂದು ಹೋದ ಯಾರೋ ಮೂರು ತಿಂಗಳು ಅಲ್ಲೇ ಸಿಕ್ಕಿಕೊಂಡರು, ಕೆಲಸವೂ ಹೋಯಿತು. ಪ್ರತಿ ಪಾಟ್‌ಲಕ್ ಊಟದಲ್ಲೂ ಬಿಸಿಬೇಳೆಬಾತಿನ ಜೊತೆ ಇಂಥದ್ದೊಂದು ಕತೆ ಬಡಿಸುತ್ತಿದ್ದರು. ಕಾರ್ಡು ಬಂದ ದಿನ ಹರ್ಷಿಣಿಗೆ ಭೂಗೋಳವೇ ಬಾಗಿಲು ತೆಗೆದಂತಾಗಿತ್ತು. ಅದಕ್ಕಿನ್ನೂ ಎಷ್ಟು ಬಾಗಿಲುಗಳಿವೆ ಎಂದು ಎಣಿಸುವ ತಾಳ್ಮೆ ಉಳಿದಿರಲಿಲ್ಲ.

"ನೀನೊಬ್ಬಳೇ ಹೋಗಿ ಬಾ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಹೇಳದಿದ್ದುದು ಅವಳಿಗೆ ಗೊತ್ತಾಯಿತು. ಅನಘಾಗೂ ಗೊತ್ತಾಗಿರಬೇಕು.

[ಇಲ್ಲಿ ಹರ್ಷಿಣಿಗೂ ನನಗೂ ಒಂದು ಮಾತುಕತೆ ನಡೆಯಿತು.

"ನಿಮಗೆ ವೀಸಾ ಕೊಟ್ಟುಬಿಡಲಾ? ಒಂದೇ ಸಾಲು. ಯಾರೂ ಚೆಕ್ ಮಾಡಲ್ಲ."

"ನೀನು ಐಸ್‌ಲ್ಯಾಂಡ್ ನೋಡಿದ್ದೀಯೇನಪ್ಪ?"

"ಅನುವಾದಗಳಲ್ಲಿ ನೋಡಿದ್ದೀನಿ."

"ಅಲ್ಲಿ ಏನಿದೆ?"

"ಹಿಮ. ಮೌನ. ಎಲ್ಲರೂ ಕಿಟಕಿ ಪಕ್ಕ ನಿಂತು ಕಾಫಿ ಕುಡೀತಾರೆ."

"ಅದನ್ನ ಸೌತ್‌ಲೇಕಲ್ಲಿ ನಮ್ಮನೆ ಕಿಟಕಿ ಹತ್ರಾನೇ ಮಾಡ್ತೀನಿ. ಸುಮ್ನಿರು. ನನ್ನ ತಪ್ಪು, ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

ಪಾತ್ರಗಳು ಹೀಗೆ ಮಾತಾಡಿದರೆ ಕತೆಗಾರನಿಗೆ ಏನು ಬೆಲೆ ಉಳಿಯಿತು?]

೪.

[ಮೂರನೆಯದನ್ನು ಬಿಟ್ಟಿದ್ದೇನೆ. ಅದರಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಹರ್ಷಿಣಿ ಸೂಟ್‌ಕೇಸಿನ ಮೇಲೆ ಕೂತು ಅಳುತ್ತಿದ್ದಳು. ಓದಿ ನೋಡಿದೆ, ಅಳುತ್ತಿದ್ದವಳು ಅವಳಲ್ಲ, ನಾನು ಎಲ್ಲೋ ಓದಿದ ಯಾರೋ.]

ವಿಮಾನ ನಿಲ್ದಾಣದಿಂದ ಸೌತ್‌ಲೇಕಿನ ಮನೆಗೆ ಎಷ್ಟು ಹೊತ್ತು? ಹಾಡೊಂದು ಮುಗಿಯುವಷ್ಟು. ಆದರೆ ಹರ್ಷಿಣಿ ಆ ಎಕ್ಸಿಟ್ ಬಿಟ್ಟಳು. ಇನ್ನೂ ಪೂರ್ತಿ ಬೆಳಕಾಗಿರದ ಜೂನ್ ಬೆಳಗಿನಲ್ಲಿ ಐ-೩೫ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ತಿರುಗಿಸಿದಳು.

"ಅಮ್ಮ, ಯು ಮಿಸ್ಡ್ ಇಟ್."

"ಗೊತ್ತು."

"ವೇರ್ ಆರ್ ವಿ ಗೋಯಿಂಗ್?"

"ಬೆಳಿಗ್ಗೆ ಗುಹೆ, ಮಧ್ಯಾಹ್ನದ ಮೇಲೆ ಸಮುದ್ರ. ಆಸ್ಟಿನ್ ಹತ್ರ ಗುಹೆ ಇದೆ. ಗಾಲ್ವೆಸ್ಟನ್ನಲ್ಲಿ ದೋಣಿ ಇದೆ. ಒಂದೇ ದಿನ. ನಾನು ಹೇಳಿದ್ದು ಒಂದೇ ದಿನ ಅಂತ ತಾನೇ?"

ಅನಘಾ ಸೀಟನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. "ದಟ್ಸ್ ಲೈಕ್, ದ ಹೋಲ್ ಟೆಕ್ಸಾಸ್," ಎಂದಳು ಕಣ್ಣು ಮುಚ್ಚಿಕೊಂಡೇ.

ಆಗಸ್ಟಿನಲ್ಲಿ ಈ ಹುಡುಗಿ ಬಾಸ್ಟನ್ನಿಗೆ ಕಾಲೇಜಿಗೆ ಹೋಗುತ್ತಾಳೆ. ಅವಳ ಎಂಟನೇ ವಯಸ್ಸಿನಲ್ಲಿ ಕೊಟ್ಟ ಮಾತೊಂದು ಹರ್ಷಿಣಿಯ ಮೇಲಿದೆ. ಹೋಗುವ ಮೊದಲು ಅದೊಂದನ್ನು ಉಳಿಸಿಕೊಳ್ಳಬೇಕು. ಇವತ್ತು ಅವಳಿಗೆ ಬೇಕಾಗಿರುವುದು ಇಷ್ಟೇ. [ಕತೆಯಲ್ಲಿ ಇಷ್ಟೇ ಇರುವುದು. ಗೂಢಾರ್ಥ ಹುಡುಕುವವರು ದಯವಿಟ್ಟು ಮುಂದಿನ ಎಕ್ಸಿಟ್ ತೆಗೆದುಕೊಳ್ಳಿ.]

ಆಗ ಅವರು ಲಾಸ್ ಕೊಲಿನಾಸ್‌ನ ಕಾಲುವೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು. ಎರಡು ಬೆಡ್‌ರೂಮು. ಒಂದರಲ್ಲಿ ಅನಿರುದ್ಧನ ಲ್ಯಾಪ್‌ಟಾಪು ಸದಾ ಯಾರದೋ ಸರ್ವರ್ ಕಾಯುತ್ತಿತ್ತು. ಇನ್ನೊಂದರಲ್ಲಿ ತಾಯಿ ಮಗಳು ಒಂದೇ ರಜಾಯಿಯೊಳಗೆ ಲೈಬ್ರರಿಯಿಂದ ತಂದ ಪುಸ್ತಕ ಬಿಡಿಸಿಕೊಂಡಿರುತ್ತಿದ್ದರು. ಎಡಗಡೆ ಪುಟದಲ್ಲಿ ಲಾವಾ ಗುಹೆ, ಬಲಗಡೆ ತಿಮಿಂಗಿಲ. ಎರಡೂ ಅಕ್ಕಪಕ್ಕದ ಮನೆಯವು ಎಂದೇ ಅನಘಾ ತಿಳಿದಿದ್ದಳು. ಹರ್ಷಿಣಿ ಹುಡುಕಿ ನೋಡಿದರೆ ಐಸ್‌ಲ್ಯಾಂಡಿನಲ್ಲಿ ಅದು ನಿಜವೇ ಆಗಿತ್ತು. ಬೆಳಿಗ್ಗೆ ಅದು, ಮಧ್ಯಾಹ್ನ ಇದು, ಒಂದು ದಿನದ ಟೂರು.

"ತಿಮಿಂಗಿಲ ಉಪ್ಪಿಟ್ಟು ತಿನ್ನತ್ತಾ ಅಮ್ಮ?"

"ತಿನ್ನತ್ತೆ. ನಿನ್ನ ಹಾಗೇ ಮೆಣಸಿನಕಾಯಿ ಬದಿಗೆ ಇಡತ್ತೆ."

"ನಾನು ಕೊಟ್ರೆ?"

"ನೀನು ಕೊಟ್ರೆ ಅದನ್ನೂ ತಿನ್ನತ್ತೆ."

"ಯಾವಾಗ ಹೋಗೋದು?"

"ಮುಂದಿನ ವರ್ಷ."

ಆಗ ಅವಳು ಕನ್ನಡದಲ್ಲೇ ಕೇಳುತ್ತಿದ್ದಳು. ರಜಾಯಿಯ ಅಡಿಯಲ್ಲಿ ಕಾಲಿಗೆ ಕಾಲು ತಾಗಿಸಿಕೊಂಡೇ ಕೇಳುತ್ತಿದ್ದಳು. ಆ ತಣ್ಣನೆಯ ಪುಟ್ಟ ಹಿಮ್ಮಡಿಗಳು...

[ಸಾಕು. ನೆನಪು ಬರೆಯುವುದು ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ, ತುಳಿಯುವ ಕೆಲಸವೇ ಇಲ್ಲ. ಬ್ರೇಕ್ ಹಾಕುತ್ತಿದ್ದೇನೆ. ಹರ್ಷಿಣಿ ಹಾಕಲಿಲ್ಲ. ವೇಕೋ ಊರು ದಾಟುವವರೆಗೂ ಅವಳು ಆ ರಜಾಯಿಯಲ್ಲೇ ಇದ್ದಳು.]

೫.

ದಾರಿಯಲ್ಲಿ ಅನಿರುದ್ಧನ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ ಅವನ ಧ್ವನಿ ಇಡೀ ಕಾರನ್ನು ತುಂಬಿತು.

"ಬೋರ್ಡಿಂಗ್ ಆಯ್ತಾ?"

"ಟೆಂಪಲ್ ಹತ್ರ ಇದ್ದೀವಿ."

"ಯಾವ ಟೆಂಪಲ್? ಏರ್‌ಪೋರ್ಟಲ್ಲಿ ಎಲ್ಲಿದೆ ಟೆಂಪಲ್ಲು?"

"ಊರು ಕಣ್ರೀ, ಟೆಂಪಲ್ ಅನ್ನೋ ಊರು. ವೀಸಾ ಬೇಕಿತ್ತಂತೆ."

ಅವನು ಒಂದು ಕ್ಷಣ ಸುಮ್ಮನಿದ್ದ. ಮದುವೆಯಾಗಿ ಇಪ್ಪತ್ತು ವರ್ಷವಾದ ಗಂಡಸರಿಗೆ ಆ ಕ್ಷಣ ಎಷ್ಟು ಮುಖ್ಯ ಎಂದು ಗೊತ್ತಿರುತ್ತದೆ. ಆದರೂ ಹೇಳಿದ: "ನನ್ನ ಒಂದು ಮಾತು ಕೇಳಿದ್ದಿದ್ರೆ..."

"ಅಪ್ಪ, ಡೋಂಟ್," ಎಂದಳು ಅನಘಾ, ಕಣ್ಣು ಮುಚ್ಚಿಕೊಂಡೇ. ಹರ್ಷಿಣಿ ಫೋನು ಕಟ್ ಮಾಡಿದಳು. ಆ ದಿನ ಮೊದಲ ಬಾರಿಗೆ ಅವರಿಬ್ಬರೂ ಒಂದೇ ಕಡೆಗಿದ್ದರು.

೬.

ಆಸ್ಟಿನ್ನಿಗೆ ಇನ್ನೂ ಅರ್ಧ ಗಂಟೆ ಇರುವಾಗ, ಹೈವೇಯ ಅಡಿಯಲ್ಲೇ ಇದೆ ಆ ಗುಹೆ. ಲಾವಾದ್ದಲ್ಲ, ಸುಣ್ಣಕಲ್ಲಿನದು. ಐಸ್‌ಲ್ಯಾಂಡಿಗೆಂದು ಕೊಂಡ ಉಣ್ಣೆಯ ಥರ್ಮಲ್ ಅಂಗಿಯನ್ನು ಹರ್ಷಿಣಿ ಏರ್‌ಪೋರ್ಟಿಗೆ ಹೋಗುವಾಗಲೇ ಹಾಕಿಕೊಂಡಿದ್ದಳು, ಬಿಚ್ಚಿರಲಿಲ್ಲ. ಗುಹೆಯೊಳಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆಯಂಥ ಸೆಕೆ.

"ಇಲ್ಲಿ ಲಾವಾ ಇಲ್ವಾ?" ಎಂದು ಅವಳು ಗೈಡನ್ನು ಕೇಳಿದಳು.

"ನೋ ಮ್ಯಾಮ್. ವಾಟರ್ ಡಿಡ್ ದಿಸ್."

"ಸ್ವಲ್ಪಾನೂ ಇಲ್ವಾ?"

"ಅಮ್ಮ!" ಎಂದಳು ಅನಘಾ.

ಟೂರಿನ ಕೊನೆಯಲ್ಲಿ ಗೈಡು ದೀಪ ಆರಿಸಿದ. ಎಲ್ಲ ಗುಹೆಗಳಲ್ಲೂ ಮಾಡುತ್ತಾರಂತೆ, ನಿಜವಾದ ಕತ್ತಲೆ ಹೇಗಿರುತ್ತದೆ ಎಂದು ತೋರಿಸಲು.

[ನನಗೂ ಏನೂ ಕಾಣಿಸುತ್ತಿಲ್ಲ. ಇದ್ದಲ್ಲೇ ಇರಿ.]

ಆ ಕತ್ತಲೆಯಲ್ಲಿ ಒಂದು ಕೈ ಬಂದು ಹರ್ಷಿಣಿಯ ಕೈ ಹಿಡಿಯಿತು. ಬಿಗಿಯಾಗಿ, ಬೆರಳುಗಳೆಲ್ಲ ಸೇರುವ ಹಾಗೆ. ಶಾಲೆಯ ಬಸ್ಸಿಗೆ ಕಾಯುವಾಗ ಹಿಡಿಯುತ್ತಿದ್ದ ಹಿಡಿತ. ಹತ್ತು ವರ್ಷ ಎಲ್ಲಿ ಹೋಗಿತ್ತು ಇದು? ಹರ್ಷಿಣಿಯೂ ಅಷ್ಟೇ ಬಿಗಿಯಾಗಿ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

ದೀಪ ಹತ್ತಿತು. ಕೈಯ ಒಡತಿ ವೇಕೋದಿಂದ ಬಂದ, ಎಪ್ಪತ್ತು ದಾಟಿದ ಒಬ್ಬ ಬಿಳಿಯ ಅಜ್ಜಿ. "ಓ, ಸಾರಿ ಹನಿ," ಎಂದರು ಆಕೆ. "ನಮ್ಮೆಜಮಾನರು ಅಂದುಕೊಂಡೆ."

ಅನಘಾ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಅಮ್ಮನ ಮುಖ ನೋಡಿದಳು, ಅಜ್ಜಿಯ ಕೈ ನೋಡಿದಳು, ಆಮೇಲೆ ನಕ್ಕಳು. ಎಷ್ಟು ನಕ್ಕಳೆಂದರೆ ಕಂಬಿ ಹಿಡಿದು ಕೂತುಬಿಟ್ಟಳು. ಗುಹೆ ಆ ನಗುವನ್ನು ನಾಲ್ಕು ಸಲ ವಾಪಸ್ ಕೊಟ್ಟಿತು. ಹರ್ಷಿಣಿಗೂ ತಡೆಯಲಾಗಲಿಲ್ಲ.

[ಇನ್ನೊಂದು ಡ್ರಾಫ್ಟಿನಲ್ಲಿ ಆ ಕೈ ಅನಘಾಳದೇ. ಅದು ಹೆಚ್ಚು ಸುಂದರವಾಗಿತ್ತು. ಹರ್ಷಿಣಿಗೆ ಎರಡನ್ನೂ ತೋರಿಸಿದೆ. ಬಹಳ ಹೊತ್ತು ನೋಡಿ ಹೇಳಿದಳು: "ಅಜ್ಜೀನೇ ಇರಲಿ. ಅನಘಾ ಹಾಗೆ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತು."]

೭.

ಹೂಸ್ಟನ್. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಒಂದು ದೋಸೆ ಹೋಟೆಲು. ಪಕ್ಕದ ಅಂಗಡಿಯ ಗಾಜಿನೊಳಗೆ ಗೊಂಬೆಗಳು ರೇಷ್ಮೆ ಸೀರೆಯುಟ್ಟು ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲನ್ನು ನೋಡುತ್ತಾ ನಿಂತಿದ್ದವು.

"ನೀನು ಮೂರು ತಿಂಗಳ ಮಗುವಾಗಿದ್ದಾಗ ಇಲ್ಲಿಗೆ ಎತ್ಕೊಂಡು ಬಂದಿದ್ವಿ," ಎಂದಳು ಹರ್ಷಿಣಿ. "ಇಂಡಿಯನ್ ಕಾನ್ಸುಲೇಟಿಗೆ, ನಿನ್ನ ಪೇಪರ್ಸ್ ಮಾಡ್ಸೋಕೆ. ಫೋಟೋ ತೆಗೆಯುವಾಗ ನೀನು ಕಣ್ಣೇ ಬಿಡಲಿಲ್ಲ. ನಿಮ್ಮಪ್ಪ ಚಪ್ಪಾಳೆ ತಟ್ಟಿ ತಟ್ಟಿ..."

"ಯು ಟೆಲ್ ಮಿ ದಿಸ್ ಎವ್ರಿ ಟೈಮ್."

"ಹೂಸ್ಟನ್ನಿಗೆ ಬಂದಿದ್ದೆಲ್ಲ ಕಾಗದಪತ್ರಕ್ಕೇ. ದೋಸೆ ತಿನ್ನೋದು, ವಾಪಸ್ ಹೋಗೋದು. ಇನ್ನೊಂದು ಗಂಟೆ ಹೋಗಿದ್ರೆ ಸಮುದ್ರ ಇತ್ತು. ಒಂದ್ಸಲಾನೂ ಹೋಗಲಿಲ್ಲ ನೋಡು."

ಅನಘಾ ದೋಸೆಯ ಗರಿಗರಿ ಅಂಚನ್ನು ಮುರಿದಳು. ಮುರಿದು ತಿನ್ನದೆ ತಟ್ಟೆಯಲ್ಲೇ ಇಟ್ಟಳು.

"ಅಮ್ಮ, ಕ್ಯಾನ್ ಐ ಸೇ ಸಮ್‌ಥಿಂಗ್? ಡೋಂಟ್ ಗೆಟ್ ಮ್ಯಾಡ್."

"ಹೇಳು."

"ಹತ್ತು ವರ್ಷ ಇದ್ದಾಗ್ಲೇ ನಂಗೆ ಗೊತ್ತಾಯ್ತು. ನೆಕ್ಸ್ಟ್ ಇಯರ್ ಮೀನ್ಸ್ ನೋ. ಅದಕ್ಕೇ ಕೇಳೋದು ನಿಲ್ಲಿಸ್ದೆ. ನೀನೇ ಪ್ರತಿ ವರ್ಷ ಹೇಳ್ತಾ ಇದ್ದಿದ್ದು. ಐ ವಾಸ್ ಫೈನ್. ಆದ್ರೆ ನೀನು ಅದನ್ನ ಹೇಳ್ದಾಗೆಲ್ಲ ನಿನ್ನ ಮುಖ ಹೀಗೆ ಆಗ್ತಿತ್ತು." ತನ್ನ ಮುಖವನ್ನು ಸಣ್ಣದು ಮಾಡಿ ತೋರಿಸಿದಳು. "ಐ ಹೇಟೆಡ್ ದಟ್ ಫೇಸ್."

ಹರ್ಷಿಣಿ ಸಾಂಬಾರಿಗೆ ಚಮಚ ಹಾಕಿ ತಿರುಗಿಸಿದಳು. ತಾನು ಮಗಳಿಗಾಗಿ ಕಾಪಾಡಿಕೊಂಡು ಬಂದ ಮಾತನ್ನು ಮಗಳು ಎಂದೋ ಬಿಟ್ಟುಬಿಟ್ಟಿದ್ದಳು. ಎಂಟು ವರ್ಷ ತಾನೊಬ್ಬಳೇ ಅದನ್ನು ಹೊತ್ತುಕೊಂಡು ತಿರುಗಿದ್ದಳು.

"ಹಾಗಾದ್ರೆ ವಾಪಸ್ ಹೋಗೋಣ್ವಾ?" ಎಂದು ಕೇಳಿದಳು.

"ಊಹೂಂ. ಇಷ್ಟು ದೂರ ಬಂದಿದ್ದೀವಿ," ಎಂದು ಅನಘಾ ಎದ್ದಳು. "ಐ ವಾಂಟ್ ಟು ಸೀ ದ ಬೋಟ್."

೮.

ಗಾಲ್ವೆಸ್ಟನ್. ನೀರು ನೀಲಿಯಲ್ಲ, ಹಾಲು ಹೆಚ್ಚಾದ ಕಾಫಿಯ ಬಣ್ಣ. ದೋಣಿಯ ಟೂರು ಡಾಲ್ಫಿನ್‌ಗಳದು. ತಿಮಿಂಗಿಲಗಳು ಬಂದರಿನ ಹತ್ತಿರ ಬರುವುದಿಲ್ಲ. ಪೆಲಿಕನ್‌ಗಳು ಬಂದವು. ಕೆಂಪು ಹೊಟ್ಟೆಯ ಸರಕು ಹಡಗೊಂದು ಹೋಯಿತು. ಎಲ್ಲರೂ ಎಡಗಡೆ ಓಡಿದರು, ಬಲಗಡೆ ಓಡಿದರು. ಡಾಲ್ಫಿನ್ ಇಲ್ಲ.

[ಕತೆಗೆ ಮೂರು ಮುಕ್ತಾಯಗಳು ನನ್ನ ಹತ್ತಿರ ಇದ್ದವು. ಒಂದೊಂದಾಗಿ ಹರ್ಷಿಣಿಗೆ ತೋರಿಸಿದೆ.

ದೋಣಿಯ ಪಕ್ಕದಲ್ಲೇ ತಿಮಿಂಗಿಲವೊಂದು ಏಳುತ್ತದೆ. "ಗಾಲ್ವೆಸ್ಟನ್ನಲ್ಲಾ? ಓದೋರು ಉಗೀತಾರೆ," ಎಂದಳು.

ಸರಿ, ಒಂದು ಡಾಲ್ಫಿನ್, ಮರಿಯ ಜೊತೆ. "ಮರಿ ಬೇರೆ. ನಿಂಗೆ ನಾಚಿಕೆ ಆಗಲ್ವೇನಪ್ಪ?"

ಅನಘಾ ನಿಮ್ಮ ಭುಜಕ್ಕೆ ಒರಗುತ್ತಾಳೆ, ಸೂರ್ಯ ಮುಳುಗುತ್ತಾನೆ. ಇದಕ್ಕೆ ಹರ್ಷಿಣಿ, "ಅವಳನ್ನ ಕೇಳು," ಎಂದಳು. ಕೇಳೋಣವೆಂದು ತಿರುಗಿದರೆ ಅನಘಾ ಕಂಬಿ ಹಿಡಿದು ವಾಂತಿ ಮಾಡುತ್ತಿದ್ದಳು.]

ಹರ್ಷಿಣಿ ಅವಳ ಕೂದಲನ್ನು ಹಿಂದಕ್ಕೆ ಎತ್ತಿ ಹಿಡಿದಳು. ಬೆನ್ನು ಸವರಿದಳು. ದೋಸೆ ಬೇಡವಾಗಿತ್ತು ಎಂದಳು. ಥರ್ಮಲ್ಲಿನ ತೋಳಿನಿಂದಲೇ ಅವಳ ಬಾಯಿ ಒರೆಸಲು ಹೋದಳು.

"ಈಯೂ, ಅಮ್ಮ, ನೋ," ಎಂದಳು ಅನಘಾ. ಆದರೆ ಕೂದಲು ಬಿಡಿಸಿಕೊಳ್ಳಲಿಲ್ಲ. ದೋಣಿ ತಿರುಗಿ ದಡ ಕಾಣುವವರೆಗೂ ಹಾಗೇ ನಿಂತಿದ್ದರು. ಒಬ್ಬಳು ನೀರು ನೋಡುತ್ತಿದ್ದಳು, ಇನ್ನೊಬ್ಬಳು ನೀರು ನೋಡುವವಳ ನೆತ್ತಿ ನೋಡುತ್ತಿದ್ದಳು.

ಇಳಿಯುವ ಹಲಗೆಯ ಹತ್ತಿರ ದೋಣಿಯ ಒಡತಿ ನಿಂತಿದ್ದಳು, ಕೈಯಲ್ಲಿ ಕಾರ್ಡುಗಳ ಕಟ್ಟು. ಈ ಕಸುಬಿನಲ್ಲಿ ಅದೊಂದು ಪದ್ಧತಿ. ನೋಡಲು ಬಂದದ್ದು ಕಾಣದಿದ್ದರೆ ಇನ್ನೊಂದು ಸಲ ಪುಕ್ಕಟೆ. "ಸಾರಿ ಫೋಕ್ಸ್, ನೆಕ್ಸ್ಟ್ ಟೈಮ್," ಎನ್ನುತ್ತಾ ಎಲ್ಲರ ಕೈಗೂ ಹಂಚುತ್ತಿದ್ದಳು. ಮುಂದಿದ್ದವರು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅನಘಾಳ ಮುಂದೆಯೂ ಎರಡು ಚಾಚಿದಳು.

"ತಗೊಳೇ," ಎಂದಳು ಹಿಂದಿನಿಂದ ಹರ್ಷಿಣಿ. "ಎರಡು ವರ್ಷ ನಡೆಯತ್ತಂತೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ, ಇಲ್ಲಾಂದ್ರೆ ಮುಂದಿನ..."

ಅನಘಾ ತಿರುಗಿ ಅಮ್ಮನ ಮುಖ ನೋಡಿದಳು. ಅದು ಮತ್ತೆ ಸಣ್ಣದಾಗುತ್ತಿತ್ತು.

[ಇಲ್ಲಿ ನಾನೊಂದು ಸಾಲು ಬರೆದಿಟ್ಟಿದ್ದೆ: ಅವಳು ಕಾರ್ಡು ತೆಗೆದುಕೊಂಡಳು. ಅದರ ಮುಂದೆ ಇನ್ನೂ ಅರ್ಧ ಪುಟವಿತ್ತು.]

"ನೋ, ಥ್ಯಾಂಕ್ಸ್," ಎಂದಳು ಅನಘಾ, ದೋಣಿಯ ಒಡತಿಗೆ.

"ಇಟ್ಸ್ ಫ್ರೀ, ಹನಿ."

"ಐ ನೋ. ವಿ ಡೋಂಟ್ ವಾಂಟ್ ಇಟ್."

"ವೀ ಅಂತ ನನ್ನನ್ಯಾಕೆ ಸೇರಿಸ್ತೀಯ?" ಎಂದಳು ಹರ್ಷಿಣಿ, ಕೈ ಮುಂದೆ ಚಾಚಿ. "ಸುಮ್ನೆ ಇಟ್ಕೊಳೇ. ಅದೇನು ಭಾರಾನಾ?"

"ಬೇಡ," ಎಂದಳು ಅನಘಾ.