ಹಿಂದಿನ ಪಾಲಿನ ಸಿಂಗಾರ

ನೆಲದ ಟೈಲ್ಸಿಗೆ ಕೂಲಿ ಸೇರಿ ಮೂವತ್ತೊಂದು ಸಾವಿರ. ಅಡುಗೆಕಟ್ಟೆಯ ಕರಿ ಗ್ರಾನೈಟಿಗೆ ಒಂಬತ್ತು. ಸ್ಟೀಲ್ ಸಿಂಕಿಗೆ ಮೂರೂವರೆ, ಬಚ್ಚಲಿನ ಪ್ಲಾಸ್ಟಿಕ್ ಬಾಗಿಲಿಗೆ ಎರಡೂವರೆ, ಬಣ್ಣಕ್ಕೆ ಹದಿನೆಂಟು. ಒಟ್ಟು ಅರವತ್ನಾಲ್ಕು ಸಾವಿರ ರೂಪಾಯಿಯನ್ನು ಗವಿಸಿದ್ದೇಶ ತನಗೆ ಬೇಡವಾದ ಅರ್ಧ ಮನೆಗೆ ಸುರಿದ.

ಕೊಟ್ಟೂರಿನ ಆ ಮನೆ ಅಪ್ಪನದು. ಅಪ್ಪ ತೀರಿ ವರ್ಷ ತುಂಬಿದ ಮೇಲೆ ಅಣ್ಣ ತಮ್ಮ ಪಾಲಾಗುವುದೆಂದು ಮಾತಾಗಿತ್ತು. ಪಾಲಿಗೆ ಒಂದು ರೂಢಿ ಇದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಆರಿಸುವವನು ಬೇರೆಯವನು ಎಂದು ಗೊತ್ತಿದ್ದರೆ ಪಾಲು ಮಾಡುವವನ ಕೈ ತಾನಾಗಿಯೇ ನೆಟ್ಟಗಿರುತ್ತದೆ. ಗವಿಸಿದ್ದೇಶ ಮನೆಯನ್ನು ಹಿಂದೆ ಮುಂದೆ ಎಂದು ಎರಡು ಮಾಡಿದ. ಮುಂದಿನದು ಸಣ್ಣದು, ಆದರೆ ಬಾಗಿಲು ದೊಡ್ಡ ರಸ್ತೆಗೆ. ಹಿಂದಿನದು ಅಗಲ, ಆದರೆ ಬಾಗಿಲು ಸಂದಿಗೆ. ಆ ಸಂದಿಯಲ್ಲಿ ಎದುರಿಗೊಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕು.

ಅವನಿಗೆ ಬೇಕಿದ್ದದ್ದು ಮುಂದಿನ ಪಾಲು. ಸುಟ್ಟ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಬಸ್‌ಸ್ಟ್ಯಾಂಡ್ ಹತ್ತಿರದ ಬಾಡಿಗೆ ಅಂಗಡಿಯನ್ನು ಯುಗಾದಿಗೆ ಬಿಡಬೇಕಿತ್ತು. ಮಾಲೀಕ ಅಲ್ಲಿ ಮಗನಿಗೆ ಮೆಡಿಕಲ್ ಶಾಪ್ ಹಾಕಿಕೊಡುವವನಿದ್ದ. ಬೇರೆ ಕಡೆ ಕೇಳುವ ಲಕ್ಷಗಟ್ಟಲೆ ಅಡ್ವಾನ್ಸ್ ಕೊಡುವ ಶಕ್ತಿ ಗವಿಸಿದ್ದೇಶನಿಗಿರಲಿಲ್ಲ. ರಸ್ತೆಯ ಬಾಗಿಲು ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಹೆಂಡತಿ ನಾಗಲಿಂಗಮ್ಮ ಮೊದಲೇ ಹೇಳಿದ್ದಳು.

"ನಿಮ್ಮ ತಮ್ಮಗ ಬಾಯಿಬಿಟ್ಟು ಹೇಳ್ರಿ. ಅಂಗಡಿಗಿ ಬೇಕು ಅಂದ್ರ ಅವ ಇಲ್ಲ ಅನ್ನಂಗಿಲ್ಲ."

"ಬೇಕು ಅಂತ ಗೊತ್ತಾದ್ರ ರೇಟು ಏರ್ತೈತಿ. ಸುಮ್ನಿರು."

ಹಳೇ ತಾಮ್ರ ಕೊಳ್ಳುವಾಗ ಅವನು ಹಾಗೆಯೇ ಮಾಡುತ್ತಿದ್ದ. ಬೇಕಾದ್ದರ ಕಡೆ ನೋಡದೆ ಬೇರೆ ಏನನ್ನೋ ತಿರುವಿಹಾಕುತ್ತಿದ್ದ. ಸಂತೆಯಲ್ಲಿ ಅದು ಒಳ್ಳೆಯ ಬುದ್ಧಿ. ಅದೇ ಬುದ್ಧಿಯಿಂದ ಹಿಂದಿನ ಪಾಲನ್ನು ಸಿಂಗಾರ ಮಾಡಿದ, ಮುಂದಿನದಕ್ಕೆ ಒಂದು ಕೈ ಸುಣ್ಣವನ್ನೂ ಹೊಡೆಸಲಿಲ್ಲ. ತಮ್ಮ ಬಂದು ಟೈಲ್ಸ್ ನೋಡಿ ಹಿಂದಿನದನ್ನೇ ಆರಿಸುತ್ತಾನೆ ಎಂಬುದು ಅವನ ಲೆಕ್ಕ.

ತಮ್ಮ ಪ್ರವೀಣಕುಮಾರ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರ ಗುಮಾಸ್ತ. ಪಾಲಿಗೆ ಗೊತ್ತುಮಾಡಿದ ಸೋಮವಾರ ಹೆಂಡತಿ ಅರ್ಚನಾಳನ್ನು ಕರೆದುಕೊಂಡು ಬಂದ. ನೆರೆಮನೆಯ ಹಿರಿಯ ಗುರುಸಂಗಪ್ಪ, ಮತ್ತೆ ಓಣಿಯ ನಾಲ್ಕು ಜನ ಕೂಡಿದರು. ಅರ್ಚನಾ ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ ನೋಡಿದಳು, ಗ್ರಾನೈಟಿನ ಮೇಲೆ ಅಂಗೈ ಆಡಿಸಿದಳು. ಹರಪನಹಳ್ಳಿಯ ಬಾಡಿಗೆ ಮನೆಯಲ್ಲಿ ಇನ್ನೂ ಕುಂತೇ ಪಾತ್ರೆ ತಿಕ್ಕುವುದು ಎಂದು ಓರಗಿತ್ತಿಯ ಮುಂದೆ ಹೇಳಿಕೊಂಡಳು. ಹೊರಗೆ ಕುಳಿತ ಗವಿಸಿದ್ದೇಶನಿಗೆ ಅದು ಕೇಳಿಸಿತು. ಕೆಲಸ ಆಯಿತೆಂದುಕೊಂಡ.

"ಹೇಳಪಾ ಪ್ರವೀಣ, ಯಾವುದು?" ಎಂದರು ಗುರುಸಂಗಪ್ಪ.

"ಮುಂದಿಂದು ಕೊಡ್ರಿ ನನಗ."

"ನೋಡ್ಕೊಂಡು ಹೇಳು. ಮುಂದ ಗ್ವಾಡಿ ಬಿರುಕು ಬಿಟ್ಟೈತಿ."

"ಗೊತ್ತೈತ್ರಿ. ಅಣ್ಣ ಆಸಿಪಟ್ಟು ಹಿಂದ ಅಷ್ಟು ಚೆಂದ ಮಾಡಿಸ್ಯಾನ. ಅದನ್ನ ಕಸಕೊಂಡು ನಾ ಏನು ಉಣ್ಣಲಿ? ಬಿರುಕು ನನಗಿರ್ಲಿ."

ಅರ್ಚನಾ ತಲೆ ತಗ್ಗಿಸಿದಳು. ಬರುವಾಗ ಬಸ್ಸಿನಲ್ಲೇ ಗಂಡ ಅವಳಿಗೆ ಹೇಳಿ ಒಪ್ಪಿಸಿದ್ದನಂತೆ. ಹಿಂದಿನ ಮನೆ ರಿಪೇರಿಯಾಗುತ್ತಿರುವ ಸುದ್ದಿ ಆಗಲೇ ಹರಪನಹಳ್ಳಿ ಮುಟ್ಟಿತ್ತು.

"ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ," ಎಂದರು ಗುರುಸಂಗಪ್ಪ. "ನನ್ನ ತಮ್ಮ ಆಗಿದ್ರ ಸಿಂಕ್ ಕಿತ್ತು ಬಗಲಾಗ ಇಟ್ಕೊಂಡು ಹೋಗ್ತಿದ್ದ."

ಎಲ್ಲರೂ ನಕ್ಕರು. ಗವಿಸಿದ್ದೇಶನೂ ನಕ್ಕ. ಕರೆಂಟು ಹೊಡೆದ ಕೈಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಬಾಗಿಲಲ್ಲಿ ನಿಂತ ನಾಗಲಿಂಗಮ್ಮ ಅವನನ್ನೇ ನೋಡುತ್ತಿದ್ದಳು. ಮಾತಾಡಲು ಇನ್ನೂ ಹೊತ್ತಿತ್ತು. ಆದರೆ ಮುಂದಿನದು ನನಗೆ ಬೇಕು ಎಂದರೆ, ಹಿಂದಿನದನ್ನು ಯಾಕೆ ಸಿಂಗರಿಸಿದೆ ಎಂಬುದನ್ನೂ ಐದು ಜನರ ಮುಂದೆ ಹೇಳಬೇಕು. ತನಗಾಗಿ ಬಿಟ್ಟುಕೊಟ್ಟ ತಮ್ಮನ ಮುಂದೆ ಹೇಳಬೇಕು. ಅವನು ಎಲೆ ಅಡಿಕೆಯ ತಟ್ಟೆಯನ್ನು ಗುರುಸಂಗಪ್ಪನವರ ಕಡೆ ಸರಿಸಿದ. ಎಲೆ ಅಡಿಕೆ ಹಂಚಿದರು. ಪಾಲು ಮುಗಿಯಿತು.

ತಿಂಗಳೊಳಗೆ ಪ್ರವೀಣಕುಮಾರ ಮುಂದಿನ ಪಾಲನ್ನು ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟ. ಅಣ್ಣನ ಮಗ್ಗುಲಲ್ಲಿರುವವನು ಎಂದು ಒಳ್ಳೆಯವನನ್ನೇ ಹುಡುಕಿದ್ದೇನೆಂದು ಫೋನಿನಲ್ಲಿ ಹೇಳಿದ. ಗವಿಸಿದ್ದೇಶ ಹೂಂ ಅಂದ.

ಯುಗಾದಿಯ ಮೇಲೆ ಸಾಮಾನುಗಳನ್ನು ಹಿಂದಿನ ಮನೆಗೆ ತಂದು ಕೆಲಸ ಮಾಡಿ ನೋಡಿದ. ಮೋಟರು ಹೇರಿ ತರುವ ಮೂರು ಗಾಲಿಯ ಟಂಟಂ ಗಾಡಿ ಸಂದಿಯೊಳಗೆ ಬರುವುದಿಲ್ಲ. ರೈತರು ಮೊದಮೊದಲು ಮೋಟರನ್ನು ಹೆಗಲ ಮೇಲೆ ಹೊತ್ತು ತಂದರು, ಆಮೇಲೆ ಗಾಡಿ ನಿಲ್ಲುವ ಅಂಗಡಿಗಳಿಗೆ ಹೋದರು. ಅವರದೇನೂ ತಪ್ಪಿಲ್ಲ. ಈಗ ಗವಿಸಿದ್ದೇಶ ಅಂಥದೇ ಒಂದು ಅಂಗಡಿಯಲ್ಲಿ ದಿನಗೂಲಿಗೆ ತಂತಿ ಸುತ್ತುತ್ತಾನೆ.

ಹಿಂದಿನ ಮನೆ ಮಾರಿದರೆ ಮೊದಲಿಗಿಂತ ಒಂದು ಲಕ್ಷ ಹೆಚ್ಚು ಬರುತ್ತದೆ ಎನ್ನುತ್ತಾರೆ. ಮಾರುವ ಹಾಗಿಲ್ಲ, ಇರುವುದು ಅದೊಂದೇ. ಅಣ್ಣ ತಮ್ಮ ಚೆನ್ನಾಗಿದ್ದಾರೆ. ಹೋದದ್ದು ಅಂಗಡಿ.