‘ನಾವು’ ಅಂದ್ರೆ ಯಾರ್ಯಾರು?

ವಕೀಲಮ್ಮನ ಸಿಟ್ಟು ಮೊದಲು ಕಾಣಿಸಿಕೊಳ್ಳುತ್ತಿದ್ದುದು ಆಕೆಯ ಹಿಮ್ಮಡಿಯಲ್ಲಿ. ನ್ಯಾಯಾಲಯದ ಉದ್ದನೆಯ ಮೊಗಸಾಲೆಯಲ್ಲಿ ಆ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಕೇಳಿದೊಡನೆ ಎದುರು ಪಕ್ಷದವರು ತಮ್ಮ ಕಾಗದಪತ್ರಗಳನ್ನು ಇನ್ನೊಮ್ಮೆ ತಿರುವಿ ನೋಡಿಕೊಳ್ಳುತ್ತಿದ್ದರು; ಮನೆಯಲ್ಲಿ ಅದೇ ಸದ್ದು ಕೇಳಿದರೆ ಗಂಡ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದ. ಗಿಡ್ಡ ದೇಹ, ಒಂದಿಷ್ಟು ಇಳಿಬಿದ್ದ ಬಲಭುಜ, ಆ ಭುಜದ ಮೇಲೆ ಎಂದೂ ನೆಟ್ಟಗೆ ಕೂರದ ಕರೀ ಕೋಟು. ಎದುರಿನವರ ಮಾತು ಮುಗಿಯುವ ತನಕ ರೆಪ್ಪೆ ಮಿಟುಕಿಸದೆ ಕಾಯುವಳು. ಆಮೇಲೆ ‘ಆಯ್ತಾ?’ ಎನ್ನುವಳು. ಆ ಒಂದು ಪದಕ್ಕೆ ಸುಳ್ಳು ಸಾಕ್ಷಿಗಳು ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಿದ್ದರೆಂದು ಆಕೆಯ ಸಹೋದ್ಯೋಗಿಗಳು ಇಂದಿಗೂ ಹೇಳುತ್ತಾರೆ.

ಇಂಥವಳು ಮನೆಯಲ್ಲಿ ಮಾತ್ರ ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡ ಸೇತುವೆಗಳನ್ನು ಕಟ್ಟಿಸುವ ಎಂಜಿನಿಯರ್, ಮಾತಿನಲ್ಲೂ ಉದ್ದುದ್ದ ಕಮಾನು ಕಟ್ಟುವವನು. ‘ನಾವು ಬಿಟ್ಟುಹೋಗೋದು ಬರೀ ಕಸ ಆಗಬಾರದು’ ಎಂದು ಅವನು ಒಂದು ದಿನ ಊಟದ ಮೇಜಿನಲ್ಲಿ ಘೋಷಿಸಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಆಕೆಯೇ. ಊರಾಚೆಯ ಕಸದ ಗುಡ್ಡದ ಬುಡದಲ್ಲಿ ವಾಸಿಸುವವರ ಪರವಾಗಿ ಆಕೆ ಒಂದು ಮೊಕದ್ದಮೆ ನಡೆಸಿದ್ದಳು. ಅಲ್ಲಿ ಸುತ್ತಾಡಿ ಬಂದಾಗ ಹತ್ತಿದ ವಾಸನೆ ಎಷ್ಟು ತಿಕ್ಕಿ ತೊಳೆದರೂ ಮೂಗಿನಿಂದ ಹೋಗಿರಲಿಲ್ಲ. ಹೀಗಾಗಿ ನೀರು, ಕರೆಂಟು ಉಳಿಸಲೆಂದು ಗಂಡ ಬಟ್ಟೆ ಒಗೆಯುವ ಯಂತ್ರವನ್ನು ನೆಂಟರೊಬ್ಬರಿಗೆ ಕೊಟ್ಟಾಗ ಆಕೆ ತಡೆಯಲಿಲ್ಲ. ತರಕಾರಿ ತೊಳೆದ ನೀರು ಬಕೆಟ್ ಸೇರಿ ಗಿಡಗಳಿಗೆ ಹೋಗತೊಡಗಿತು, ಹಾಲಿನ ಕವರುಗಳು ತೊಳೆಸಿಕೊಂಡು ಹಗ್ಗದ ಮೇಲೆ ಸಾಲಾಗಿ ಒಣಗತೊಡಗಿದವು, ಬಾಲ್ಕನಿಗೆ ಗೊಬ್ಬರದ ಮಡಕೆಗಳು ಬಂದು ಕುಳಿತವು. ತೀರ್ಮಾನ ಗಂಡನದು, ಮೈ ಇವಳದು. ಧ್ಯೇಯ ನ್ಯಾಯವಾದದ್ದೇ ಆಗಿದ್ದುದರಿಂದ ವಾದಿಸುವುದಾದರೂ ಯಾರೊಡನೆ? ಪರರ ಅನ್ಯಾಯವನ್ನು ಪದರಪದರವಾಗಿ ಬಿಡಿಸಬಲ್ಲವಳು ತನ್ನ ಬೆನ್ನುನೋವಿಗೆ ಪ್ರತಿವಾದಿ ಸಿಗದೆ ಒಳಗೊಳಗೇ ಕುದಿಯುತ್ತಿದ್ದಳು.

ಕುದಿ ಉಕ್ಕಿದ್ದು ಒಂದು ಭಾನುವಾರ. ‘ಮಾದರಿ ಮನೆ’ ನೋಡಲೆಂದು ಅದೇ ಕಟ್ಟಡದ ನೆರೆಹೊರೆಯವರು ಬಂದಿದ್ದರು. ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಸ್ತುಸಂಗ್ರಹಾಲಯದ ಮಾರ್ಗದರ್ಶಿಯಂತೆ ಕೈ ಬೀಸುತ್ತಿದ್ದ.

‘ನಾವು ಒಂದು ಹನಿ ನೀರೂ ಸುಮ್ನೆ ಚೆಲ್ಲಲ್ಲ. ನಾವು ಬಟ್ಟೆ ಎಲ್ಲ ಕೈಯಲ್ಲೇ ಒಗೀತೀವಿ. ಹಸಿಕಸ ನಾವು ಹೊರಗೆ ಹಾಕಿ ಎಷ್ಟೋ ವರ್ಷ ಆಯ್ತು.’

ಬಚ್ಚಲಿನ ಬಾಗಿಲಲ್ಲಿ, ಒದ್ದೆ ಹೊದಿಕೆಯೊಂದನ್ನು ಹೆಗಲ ಮೇಲೆ ಹೊತ್ತು, ಆಕೆ ನಿಂತಿದ್ದಳು.

‘ಆಯ್ತಾ?’ ಎಂದಳು. ‘ಒಂದು ಪ್ರಶ್ನೆ. ಈ ನಾವು ಅಂದ್ರೆ ಯಾರ್ಯಾರು?’

ಬಂದವರು ನಕ್ಕರು. ಗಂಡನೂ ನಕ್ಕ. ‘ನಾವೆಲ್ಲ ಕಣೆ. ಮನೆಯೋರೆಲ್ಲ.’

‘ಸರಿ. ಮಡಕೆಗೆ ಕಸ ಹಾಕಿದ ಮೇಲೆ ನಾವು ಅದರ ಮೇಲೆ ಏನು ಉದುರಿಸ್ತೀವಿ?’

ಅವನು ಬಾಲ್ಕನಿಯತ್ತ ಕಣ್ಣು ಹಾಯಿಸಿದ. ‘ಅದೇ... ಮಣ್ಣು.’

‘ಒಣಗಿದ ಎಲೆ. ಎಲ್ಲಿಟ್ಟಿದೀವಿ ನಾವು ಅದನ್ನ?’

ಆಕೆ ಬಂದವರತ್ತ ತಿರುಗಿದಳು. ನಗು ನಿಂತಿತ್ತು. ‘ಈ ಹೊದಿಕೆ ಹಿಂಡೋಕೆ ಇಬ್ಬರು ಬೇಕು ರೀ. ಇನ್ನೊಂದು ತುದಿ ಯಾರು ಹಿಡೀತಾರೆ ಗೊತ್ತಾ? ನಲ್ಲಿ! ನಲ್ಲಿಗೆ ಸುತ್ತಿ ಹಿಂಡ್ತೀನಿ ನಾನು. ಈ ಮನೇಲಿ ನನ್ನ ಜೊತೆ ಭೂಮಿ ಉಳಿಸ್ತಾ ಇರೋದು ಆ ನಲ್ಲಿ ಒಂದೇ.’

‘ಬಂದೋರ ಮುಂದೆ ಇದೆಲ್ಲ ಯಾಕೆ...’ ಎಂದು ಗಂಡ ತೊದಲಿದ. ಮೂಲೆಯ ಕುರ್ಚಿಯಿಂದ ಅವನ ತಾಯಿಯೇ ಬಾಯಿ ಹಾಕಿದಳು: ‘ಕೇಳಿದ್ದಕ್ಕೆ ಉತ್ತರ ಹೇಳೋ. ಅವರು ಕಲಿಯೋಕೆ ತಾನೆ ಬಂದಿರೋದು?’

ವಕೀಲಮ್ಮ ಒದ್ದೆ ಹೊದಿಕೆಯನ್ನು ಗಂಡನ ಇಸ್ತ್ರಿ ಅಂಗಿಯ ಮೇಲೆ ಹಾಕಿ ಒಳಗೆ ನಡೆದಳು.

ಮರುದಿನದಿಂದ ಆಕೆ ತನ್ನ ಬಟ್ಟೆಯನ್ನಷ್ಟೇ ಒಗೆದುಕೊಂಡಳು. ವಾರ ಕಳೆಯುವುದರೊಳಗೆ ಮಡಕೆಗಳಲ್ಲಿ ಹುಳು ಮಿಜಿಗುಟ್ಟಿದವು. ಕೆಳಮನೆಯವರು ಮೂಗು ಹಿಡಿದುಕೊಂಡು ಬಂದು ಬಾಗಿಲು ಬಡಿದರು. ಕಾಲೇಜಿಗೆ ಹೋಗುವ ಮಗಳು ಕೊಳೆಬಟ್ಟೆಯ ರಾಶಿಯಲ್ಲಿ ಇದ್ದುದರಲ್ಲಿ ಕಡಿಮೆ ಕೊಳೆಯಾದದ್ದನ್ನು ಹುಡುಕತೊಡಗಿದಳು. ಕೊನೆಗೆ ಗಂಡ ಸೋತ ದನಿಯಲ್ಲಿ ಹೇಳಿದ: ‘ಇದು ಪ್ರಾಯೋಗಿಕವಾಗಿ ಆಗೋ ಮಾತಲ್ಲ. ಕಸ ಗಾಡಿಗೇ ಹಾಕೋಣ. ಎಲ್ಲ ನಿಲ್ಲಿಸಿಬಿಡೋಣ.’

ಭಾನುವಾರದ ಸಿಟ್ಟು ಇದರ ಮುಂದೆ ಏನೇನೂ ಅಲ್ಲ. ಈ ಸಲ ಹಿಮ್ಮಡಿ ಸದ್ದು ಮಾಡಲಿಲ್ಲ, ದನಿ ನೆಲಕ್ಕಿಳಿದಿತ್ತು.

‘ನನ್ನ ಬೆನ್ನು ಬಗ್ಗಿದ್ದಷ್ಟು ದಿನ ಅದು ತತ್ವ. ನಿಮ್ಮ ಬೆನ್ನಿಗೆ ಬಂದ ಕೂಡಲೇ ಪ್ರಾಯೋಗಿಕ ಅಲ್ಲ, ಅಲ್ವಾ? ಆ ಗುಡ್ಡದ ಕೆಳಗೆ ಮಕ್ಕಳು ಕೆಮ್ಮೋದನ್ನ ನಾನು ಕೇಳಿದೀನಿ. ಈ ಮನೆ ಕಸ ಅಲ್ಲಿಗೆ ಹೋಗಲ್ಲ. ಬಟ್ಟೆ ಒಗೆಯೋಕೆ ಮಷೀನ್ ಬರುತ್ತೆ, ನನ್ನ ಭುಜಕ್ಕೆ ಅದು ಬೇಕು. ಮಡಕೆ ನಿಮ್ದು.’

ಗಂಡ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಡಕೆಯೊಳಗೆ ಕೈ ಇಳಿಸಿದ. ಮೊದಲ ದಿನ ವಾಂತಿ ಮಾಡಿಕೊಂಡ. ಮಗಳು ನಗುತ್ತಲೇ ರಸ್ತೆಬದಿಯಿಂದ ಒಣ ಎಲೆ ಗುಡಿಸಿ ತಂದಳು. ನಿಧಾನವಾಗಿ ವಾಸನೆ ಹೋಗಿ ಹಸಿಮಣ್ಣಿನ ಘಮ ಬಂತು. ಅಷ್ಟು ಹೊತ್ತಿಗೆ ಎಂಜಿನಿಯರ್ ಸಾಹೇಬರ ಭಾಷಣಗಳೂ ಕಡಿಮೆಯಾಗಿದ್ದವು. ಆದರೆ ಬಟ್ಟೆ ಹಿಂಡಿ ಹಿಂಡಿ ಇಳಿಬಿದ್ದ ವಕೀಲಮ್ಮನ ಭುಜ ಮೇಲೇರಲಿಲ್ಲ, ಏರುವುದಿಲ್ಲವೆಂದು ವೈದ್ಯರೂ ಹೇಳಿದರು. ಆಕೆಯ ಸಿಟ್ಟೂ ಇಳಿಯಲಿಲ್ಲ. ಗಂಡ ಮಡಕೆ ಕೆದಕಿ ಬಂದು ಹೊಗಳಿಕೆಗಾಗಿ ನಿಂತರೆ ಆಕೆ ತಲೆಯೆತ್ತಿ ಸಹ ನೋಡುತ್ತಿರಲಿಲ್ಲ. ತಾನು ಅಷ್ಟು ಕಾಲ ಮಾಡಿದಾಗ ಯಾರು ಹೊಗಳಿದ್ದರು?

ಇಂಥವರನ್ನು ನಾವು ಸಿಡುಕಿನವರೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಆದರ್ಶಗಳು ಮನೆಗೆ ಬರುವಾಗ ಮುಂಬಾಗಿಲಿನಿಂದ ಸಡಗರದಿಂದಲೇ ಬರುತ್ತವೆ; ಅವುಗಳಿಗೆ ದಿನನಿತ್ಯ ಉಣಿಸಿ, ತೊಳೆದು, ಸಾಕುವವರ ಹೆಸರನ್ನು ಯಾರೂ ಕೇಳುವುದಿಲ್ಲ. ನಂಬಿಕೆಯಿಲ್ಲದವರಿಗೆ ಸಿಟ್ಟಾಗುವ ಗೊಡವೆಯಿಲ್ಲ. ಕಷ್ಟವೆನಿಸಿದ ದಿನ ಹಾಯಾಗಿ ಬಿಟ್ಟುಬಿಡುತ್ತಾರೆ. ಸಿಟ್ಟಿನಿಂದ ಉರಿಯುವವರೇ ಬಿಡಲಾರದವರು. ಲೋಕದಲ್ಲಿ ಒಂದಿಷ್ಟಾದರೂ ಒಳ್ಳೆಯದು ಉಳಿದಿದ್ದರೆ ಅದು ಇಂಥ ಕ್ಷಮಿಸದ ಜನರಿಂದ. ಅವರಿಗೆ ನಮ್ಮ ಕೃತಜ್ಞತೆ ಬೇಕಿಲ್ಲ. ಹೇಳಲು ಹೋದರೆ, ಬಹಳ ತಡವಾಗಿ ಬಂದಿರಿ ಎಂದು ಮುಖ ತಿರುಗಿಸಿಯಾರು. ಅದೂ ನ್ಯಾಯವೇ.