ಸದ್ದು ಬಂದ್ರೆ ಸಾಕು

"ದಾರ ಇಲ್ಲ ಅಂತ ಕೈ ಕಟ್ಕೊಂಡು ಕೂತ್ರೆ ನಿಮ್ಮಪ್ಪ ಬಂದು ಮಿಷನ್ ಓಡಿಸ್ತಾನೇನೇ ಮುಂಡೆ? ತುಳಿ. ಸದ್ದು ಬಂದ್ರೆ ಸಾಕು."

ಸೂಪರ್‌ವೈಸರ್ ಸ್ಟೂಲಿಗೊಮ್ಮೆ ಒದ್ದು ಮುಂದೆ ಹೋದ. ಕಾಜಾ ಅಕ್ಕ ಪೆಡಲ್ ತುಳಿದಳು. ಹದಿನಾಲ್ಕು ವರ್ಷ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು ಹೊಲಿದು ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಎಂಟು ತಿಂಗಳಿಂದ ಬೀಗ ಬಿದ್ದಿದ್ದ ಗಾರ್ಮೆಂಟ್ಸ್ ಮೊನ್ನೆಯಷ್ಟೇ ಬಾಗಿಲು ತೆರೆದಿತ್ತು. ಬಟ್ಟೆ ಬಂದಿರಲಿಲ್ಲ, ದಾರವೂ ಬಂದಿರಲಿಲ್ಲ. ಓಟಿಗೆ ನಾಲ್ಕು ದಿನವಿತ್ತು, ಮಂತ್ರಿಗಳು ಕ್ಯಾಮೆರಾದವರ ಜೊತೆ ಬರುವವರಿದ್ದರು. ಸೂಜಿಯ ಕೆಳಗೆ ಹಳೇ ಚಿಂದಿ ಇಟ್ಟುಕೊಂಡು ನೂರಿಪ್ಪತ್ತು ಹೆಂಗಸರು ಬರೀ ತೂತು ಹೊಡೆಯುತ್ತಿದ್ದರು.

ಎಡಗಡೆಯ ಮಿಷನ್ ಮಾತ್ರ ಖಾಲಿ. ಅಲ್ಲಿ ಕೂರುತ್ತಿದ್ದವಳು ಅವಳ ತಂಗಿ. ಕೆಲಸ ಹೋದ ಮೇಲೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ನಿಲ್ಲಿಸಿದಳು; "ಆಮೇಲೆ ತಂದ್ರಾಯ್ತು ಬಿಡಕ್ಕ" ಅನ್ನುತ್ತಲೇ ಮೂರನೇ ತಿಂಗಳಿಗೆ ಹೋಗಿಬಿಟ್ಟಳು. ಆ ಜಾಗದಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಕಾಜಾ ಅಕ್ಕನ ಎಡಗಿವಿಗೆ ಈಗಲೂ ತಂಗಿ ಗುನುಗುವುದು ಕೇಳುತ್ತಿತ್ತು. ತಿರುಗಿದರೆ ಧೂಳು.

ಬಲಗಡೆಯ ಬಸುರಿ ಪಿಸುಗುಟ್ಟಿದಳು. "ಇವ್ರೇ ಗೆದ್ರೆ ದಾರ ಬರುತ್ತಂತೆ ಅಕ್ಕ. ಸೋತ್ರೆ ಮತ್ತೆ ಬೀಗಾನೇ ಅಂತೆ. ನಾನಂತೂ ಇವ್ರಿಗೇ ಒತ್ತೋಳು."

"ಮುಚ್ಚಿದಾಗ ಇದ್ದೋರೂ ಇವ್ರೇ ಕಣೇ."

"ಗೊತ್ತು. ಹೊಟ್ಟೇಲಿರೋದಕ್ಕೆ ಹೇಳು ಅದನ್ನ."

ಮಂತ್ರಿಗಳು ಬಂದರು. ಸಾಲಿನುದ್ದಕ್ಕೂ ಕೈಮುಗಿಯುತ್ತ ಬಂದವರು ಖಾಲಿ ಮಿಷನ್ ಮುಂದೆ ನಿಂತರು.

"ಇವರಿಗೆ ರಜಾನಾ?"

"ಹೌದು ಸಾರ್, ನಾಳೆ ಬರ್ತಾಳೆ," ಅಂದ ಸೂಪರ್‌ವೈಸರ್.

ಕಾಜಾ ಅಕ್ಕನ ಕಾಲು ಪೆಡಲ್ ಬಿಟ್ಟಿತು. "ಬರಲ್ಲ ಸ್ವಾಮಿ. ಸತ್ತೋದ್ಲು. ಇಂಜೆಕ್ಷನ್‌ಗೆ ದುಡ್ಡಿಲ್ದೆ ಸತ್ತೋಳ ಹೆಸರಿಗೆ ಓಟಿನ ಚೀಟಿ ಬಂದಿದೆ. ನಿಮ್ಮ ಹುಡುಗ್ರೇ ಮನೆಗೆ ತಂದ್ಕೊಟ್ಟು ಹೋದ್ರು." ಚಿಂದಿಯನ್ನು ಎತ್ತಿ ಹಿಡಿದಳು. ತೂತುಗಳಿಂದ ಬೆಳಕು ಮಂತ್ರಿಗಳ ಬಿಳಿ ಅಂಗಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. "ಮೂರು ದಿನದಿಂದ ನಾವು ಹೊಲಿದಿರೋದು ಇಷ್ಟೇ."

"ಬಾಯ್ಮುಚ್ಚೇ ಬೇವರ್ಸಿ." ಸೂಪರ್‌ವೈಸರ್ ಅವಳ ರಟ್ಟೆ ಹಿಡಿದೆಳೆದ. ಅವಳು ಅಲುಗಲಿಲ್ಲ.

ಹಿಂದೆ ಎಲ್ಲೋ ಒಂದು ಮಿಷನ್ ನಿಂತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇಡೀ ಸಾಲು.

ಬಸುರಿಯದು ಮಾತ್ರ ನಿಲ್ಲಲಿಲ್ಲ. ತಲೆ ತಗ್ಗಿಸಿ, ಮೂಗು ಒರೆಸಿಕೊಳ್ಳುತ್ತ, ಅವಳು ತುಳಿಯುತ್ತಲೇ ಇದ್ದಳು. ಕ್ಯಾಮೆರಾದವನು ಮೆಲ್ಲಗೆ ಅವಳ ಕಡೆಗೆ ತಿರುಗಿದ.